ತಿದ್ದು

ಬೆರಳಿಗೆ ಇನ್ನೂ ತಿಳಿದಿಲ್ಲ, ಹಳೆಯದು ಹೋಯಿತೆಂದು.
ಸ್ಪೇಸ್ ಒತ್ತಿದರೆ ಅಲ್ಲಿ ಕೈ ಬರುತ್ತಿತ್ತು,
ಹಾಳೆಯ ಅಂಚು ಹಿಡಿದು ಸರಿಸುವ ಪುಟ್ಟ ಬಿಳಿ ಕೈ.
ಇಲ್ಲಿ ಒತ್ತಿದರೆ ಕೈ ಕೊಡುತ್ತದೆ.
ಹದಿನೇಳು ವರ್ಷದ ರೂಢಿ
ಹೆಬ್ಬೆರಳ ತುದಿಯಲ್ಲಿ ಸುಮ್ಮನೆ ಕೂತಿದೆ,
ನಿಂತುಹೋದ ಬಸ್ಸಿಗೆ ಚಿಲ್ಲರೆ ಹಿಡಿದು ಕಾದವಳ ಹಾಗೆ.

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ ನಮ್ಮ ಅಂಗಡಿ.
ಬೋರ್ಡು, ಬ್ಯಾನರು, ವ್ಯಾನುಗಳ ಪಕ್ಕೆಗೆ ಫೋನ್ ನಂಬರು,
ಹೊಗೆಗಿಟ್ಟ ಹ್ಯಾಡಕ್ ಮೀನಿನ ಪೆಟ್ಟಿಗೆಗೆ ಚೀಟಿ.
ತಿಂಗಳ ಬಾಡಿಗೆಯ ತಂತ್ರಾಂಶ ಸಾಕು ಎಂದ ಕೀತ್,
ಜನವರಿಯ ಗ್ಯಾಸ್ ಬಿಲ್ಲು ಬಂದ ಮರುದಿನ.
ಇದನ್ನು ಒಮ್ಮೆ ಕೊಂಡರೆ ನಮ್ಮದೇ, ವಿಶ್, ಅಂದ.
ವಿಶಾಲಾಕ್ಷಿ ಅವನ ಬಾಯಲ್ಲಿ ಅಷ್ಟಕ್ಕೇ ತುಂಡಾಗುತ್ತದೆ.

ಜೋಡಿ ಎಂಬ ಹುಡುಗಿ, ಹತ್ತೊಂಬತ್ತು, ಮೂಗಿನ ನಡುವೆ ನತ್ತು.
ಅವಳು ಹಳೆಯದನ್ನು ಕಂಡವಳೇ ಅಲ್ಲ,
ಹಾಗಾಗಿ ಅವಳಿಗೆ ಹೊಸದೂ ಹೊಸದಲ್ಲ.
ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಇಡೀ ಮೀನಂಗಡಿಯ ಮುಖಫಲಕ.

ಆಸ್ಕ್ಯೂ ಮುದುಕನ ದೋಣಿಗೆ ಮತ್ತೆ ಬಣ್ಣ.
ಮೂತಿಯ ಮೇಲೆ ಅದೇ ಹೆಸರು, ಅದೇ ಅಕ್ಷರ,
ಒಂದಿಷ್ಟೂ ಬದಲಾಗಕೂಡದು, ಅವಳು ಸಿಟ್ಟಾಗುತ್ತಾಳೆ, ಅಂದ.
ಅವಳು ಯಾರೆಂದು ನಾನು ಕೇಳಲಿಲ್ಲ.
ಹಳೆಯ ಕಡತ ತೆರೆದೆ.
ಸೂಸನ್ನಳ ಎಸ್ ಅಕ್ಷರದ ಬೆನ್ನ ತುಂಬ ಚುಕ್ಕಿ,
ಬೆಲ್ಲದಚ್ಚಿಗೆ ಮುತ್ತಿದ ಇರುವೆ.
ನಾನು ಇಟ್ಟದ್ದು ಎಂಟು. ಇದು ಅರವತ್ತಮೂರು ಎಣಿಸುತ್ತದೆ.

ತಿರುವಿಗೊಂದು ಚುಕ್ಕಿ, ಚುಕ್ಕಿಗೆರಡು ತೋಳು,
ಇತ್ತ ಎಳೆದರೆ ಅತ್ತ ಬಾಗಬೇಕು.
ಅಷ್ಟೇ ನಮ್ಮ ಕಸುಬು.
ಗೆರೆಯನ್ನು ಬೇಲಿ ಹೊಡೆದಂತೆ ಗೂಟ ನೆಟ್ಟು ಕಟ್ಟುವುದಲ್ಲ.
ಸಾಣೆಕಲ್ಲಿನ ಹಾಗೆ ಗುಂಡಗಿನ ನಮ್ಮ ಟೀಚರು
ಮರಳಿನಲ್ಲಿ ಳ ಬರೆದು ತಿದ್ದು ಎನ್ನುತ್ತಿದ್ದರು.
ಇದ್ದ ಗೆರೆಯ ಮೇಲೆಯೇ ಮತ್ತೆ ಮತ್ತೆ ನಡೆಯುವುದೂ ತಿದ್ದು,
ತಪ್ಪನ್ನು ತೆಗೆಯುವುದೂ ತಿದ್ದು.
ಈ ಮೆನುವಿಗೆ ಎರಡನೆಯದು ಮಾತ್ರ ಗೊತ್ತು.

ರಾತ್ರಿ, ಇದನ್ನು ಮಾಡಿದವರಿಗೆ ಕಾಗದ ಬರೆಯಲು ಕೂತೆ.

ಸ್ವಾಮಿ,
ತೋಳನ್ನು ನಾನು ಬಿಟ್ಟಲ್ಲಿ ಅದು ಇರಲಿ,
ಕೂದಲೆಳೆಯಷ್ಟು ಆಚೆ ಜಿಗಿಯುವುದೇಕೆ?
ನಿಮ್ಮ ಅಯಸ್ಕಾಂತಕ್ಕೆ ಪ್ರೀತಿ ಜಾಸ್ತಿ,
ಕರೆಯದವರನ್ನೂ ಅಪ್ಪಿಕೊಳ್ಳುತ್ತದೆ.
ಒಂದೇ ಗೆರೆಯನ್ನು ನಿಮ್ಮ ಮಾತು ಕೇಳಿ
ಕತ್ತರಿ ಯಂತ್ರ ಎರಡು ಸಲ ಕೊಯ್ಯುತ್ತದೆ,
ವಿನೈಲು ಮೀಟರಿಗೆ ಆರು ಪೌಂಡು, ಕೀತ್ ಮಾತಾಡುವುದಿಲ್ಲ, ಉಸಿರು ಬಿಡುತ್ತಾನೆ.
ಹಿಂದಕ್ಕೆ ಹೋಗು ಎಂದರೆ ಹೋಗುತ್ತದೆ, ನಿಜ,
ಆದರೆ ಊಟಕ್ಕೆ ಮುಂಚಿನದು ಅದಕ್ಕೆ ನೆನಪಿಲ್ಲ.
ಮತ್ತೆ, ಕೇಳಲು ನಾಚಿಕೆ,
ನನ್ನ ಹೆಸರನ್ನು ನನ್ನ ಲಿಪಿಯಲ್ಲಿ ಒತ್ತಿದೆ.
ಕ ಒಂದು ಕಡೆ, ಷ ಒಂದು ಕಡೆ, ನಡುವೆ ಬರೀ ಗಾಳಿ.
ಬೇರೆಲ್ಲ ಬಿಡಿ,
ಅಕ್ಷಿಯೇ ಒಡೆದರೆ ಎಷ್ಟು ವಿಶಾಲವಾಗಿದ್ದೇನು?

ಹೊಗಳಬೇಕಾದ್ದೂ ಇದೆ. ಬೇಗ ಏಳುತ್ತದೆ.
ಹಳೆಯದು ಚಹಾ ಮುಗಿಯುವ ತನಕ ಆಕಳಿಸುತ್ತಿತ್ತು.
ಎಷ್ಟು ಹಿಗ್ಗಿಸಿದರೂ ಗೆರೆ ನವುರು,
ನೋಡುತ್ತಾ ನಾನೂ ಒಂದಿಷ್ಟು ಹಿಗ್ಗಿದೆ.

ಕಾಗದ ಅಲ್ಲಿಗೆ ನಿಂತಿತು.

ಬೆಳಿಗ್ಗೆ ಜೋಡಿ ಪಕ್ಕದಲ್ಲಿ ಕುರ್ಚಿ ಎಳೆದಳು.
ನಾನು ಚುಕ್ಕಿ ತೋರಿಸಿದೆ, ಅವಳು ಅಳಿಸಿದಳು.
ಒಂದನ್ನು ತೆಗೆದಾಗ ಗೆರೆ ಕುಸಿದರೆ ಇಬ್ಬರೂ ಅಯ್ಯೋ ಎಂದೆವು,
ಅವಳದು ಬೇರೆ ಅಯ್ಯೋ, ಉದ್ದ ಅಷ್ಟೇ.
ಒಂಬತ್ತಕ್ಕೆ ಬಂದು ನಿಂತಿತು.
ಎಂಟಾಗಲಿಲ್ಲ.
ನೀರಿನಿಂದ ನೋಡಿದರೆ ಗೊತ್ತಾಗುವುದಿಲ್ಲ ಎಂದಳು.
ಗೊತ್ತಾಗುತ್ತದೆ, ಅಂದೆ.

ಗುರುವಾರ, ಹೇಳದೆ ಕೇಳದೆ,
ಯಾವುದೋ ಏಳನೆಯ ಪುಟದ ಯಾವುದೋ ಗುಂಡಿ ಬದಲಿಸಿ
ಸ್ಪೇಸಿಗೆ ಕೈ ತಂದಿಟ್ಟಿದ್ದಳು.
ಅಷ್ಟರಲ್ಲಿ ನನ್ನ ಹೆಬ್ಬೆರಳು
ಒತ್ತುವುದನ್ನು ಬಿಟ್ಟಿತ್ತು.