ಆರನೆಯ ಚೌಕ

ಹೆಸರು ಬರೆಯಬೇಡಿ, ಎಂದಿತ್ತು ಹಾಳೆಯ ನೆತ್ತಿಯಲ್ಲಿ,
ದಪ್ಪ ಅಕ್ಷರದಲ್ಲಿ.
ಬರೆಯಲಿಲ್ಲ ಯಾರೂ.
ಆದರೂ ನೂರಾ ಹನ್ನೆರಡು ಹಾಳೆಗಳಲ್ಲಿ
ತೊಂಬತ್ತರ ಹೆಸರು ನನಗೆ ಗೊತ್ತು.

ಗ್ರಿಮ್ಸ್‌ಬಿಯ ಈ ಮೀನು ಕಾರ್ಖಾನೆಯ ಮೇಲ್ಮಹಡಿಯಲ್ಲಿ
ರಜಾ ಚೀಟಿ, ಓವರ್‌ಟೈಮ್ ಚೀಟಿ,
ಬೆರಳು ಕುಯ್ದುಕೊಂಡವರ ವರದಿ
ಹನ್ನೊಂದು ವರ್ಷ ಓದಿದವಳು ನಾನು.
ಹಣೆಬರಹ ಓದಲು ಬಾರದು, ಕೈಬರಹ ಬರುತ್ತದೆ.
ಏಳರ ಸೊಂಟಕ್ಕೆ ಪಟ್ಟಿ ಕಟ್ಟುವವಳು ಯೊಲಾಂತಾ.
ವಾಕ್ಯ ಮುಗಿದರೂ ಚುಕ್ಕೆ ಇಡದವನು ಪ್ಯಾಕಿಂಗಿನ ಡೆರಿಲ್,
ಮಾತಿನಲ್ಲೂ ಹಾಗೇ.
ಪೆನ್ನು ಒತ್ತಿ ಒತ್ತಿ ಹಿಂದಿನ ಪುಟಕ್ಕೂ ಗಾಯ ಮಾಡುವವಳು
ಮೂರನೇ ಸಾಲಿನ ಮೊರೀನ್;
ಕನ್ನಡ ಕಲಿಯದೆಯೇ ಅವಳದೆಲ್ಲ ಒತ್ತಕ್ಷರ.

ಪ್ರಶ್ನೆ ಇಪ್ಪತ್ತು. ಒಂದೊಂದಕ್ಕೂ ಐದು ಚೌಕ:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ,
ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ.
ಸುತರಾಂ ನನ್ನದು. ಇಂಗ್ಲಿಷಿಗೆ ಅಷ್ಟು ಸಿಟ್ಟಿಲ್ಲ.
ಕೆಳಗೆ ಮೂರು ಗೆರೆ, ಬೇರೇನಾದರೂ ಇದ್ದರೆ.

ಇತ್ತು.
'ಗೇಟಿನ ಹೀಟರ್ ಕೆಟ್ಟು ಎರಡು ಚಳಿಗಾಲ.'
'ಬಾತ್‌ರೂಮಿಗೆ ಹೋಗಲು ಕೈ ಎತ್ತಬೇಕೆ? ನನಗೆ ಐವತ್ತೆಂಟು.'
'ಎಲ್ಲ ಚೆನ್ನಾಗಿದೆ, ತುಂಬಾ ಧನ್ಯವಾದ.'
ಇದನ್ನು ಬರೆದವನ ವೀಸಾ ಮಾರ್ಚಿಗೆ ಮುಗಿಯುತ್ತದೆ.

ಎಂಬತ್ತಮೂರನೆಯ ಹಾಳೆಯಲ್ಲಿ ಅಕ್ಷರವೇ ಇಲ್ಲ.
ಏಳನೇ ಪ್ರಶ್ನೆ: ನಿಮ್ಮ ಮಾತಿಗೆ ಇಲ್ಲಿ ಯಾರಾದರೂ ಕಿವಿಗೊಡುತ್ತಾರೆಯೇ?
ಐದು ಚೌಕದ ಆಚೆ, ಬಲ ಅಂಚಿನಲ್ಲಿ,
ಯಾರೋ ಆರನೆಯದನ್ನು ತಾವೇ ಬರೆದು
ಅದರೊಳಗೆ ಗುರುತು ಹಾಕಿದ್ದಾರೆ.
ನಾಲ್ಕು ಗೆರೆಗೆ ಕೈಬರಹ ಇರುವುದಿಲ್ಲ.
ಪಕ್ಕದಲ್ಲಿ ಅಂಟಿ ಒಣಗಿದ ಮೀನಿನ ಹುರುಪೆ ಒಂದು,
ಅಭ್ರಕದ ಚೂರಿನ ಹಾಗೆ.

ನನ್ನಮ್ಮ ಗದಗಿನ ಓಣಿಗಳಲ್ಲಿ ಜನಗಣತಿ ಬರೆದವಳು.
ಶಾಲೆ ಬಿಟ್ಟ ಮೇಲೆ, ಬಗಲಲ್ಲಿ ರಟ್ಟಿನ ಹಲಗೆ,
ಹಿಂದೆ ಮಸಿ ಕುಡಿಕೆ ಹಿಡಿದ ನಾನು.
ಗಂಡನ ಹೆಸರೇನವ್ವಾ ಅಂದರೆ
ಹೇಳಬಾರದ ಹೆಂಗಸು ನಾಚಿ, ನಕ್ಕು,
ಹಾಡುಹಗಲೇ ಆಕಾಶಕ್ಕೆ ಬೆರಳು ತೋರಿಸಿದಳು:
'ರಾತ್ರಿ ಬರ್ತಾನಲ್ರೀ, ಬೆಳ್ಳಗ.'
ಅಮ್ಮ ಬರೆದಳು, ಚಂದ್ರಪ್ಪ.

ಇಲ್ಲಿ ಅಂಚಿಗೆ ಬೆರಳು ತೋರಿಸಿದವರಿಗೆ ನಾನು ಏನು ಬರೆಯಲಿ?
ಆರು ಎಂದು ಒತ್ತಿದೆ. ಯಂತ್ರ ಕೆಂಪಗಾಯಿತು:
ಒಂದರಿಂದ ಐದರೊಳಗೆ.
ಮತ್ತೆ ಆರು. ಮತ್ತೆ ಕೆಂಪು.
ಆಟ್ಲಿ ಸಾಹೇಬರು ಚಹಾ ಲೋಟ ಹಿಡಿದು ಬಂದು ಬಗ್ಗಿ ನೋಡಿ,
ಮೂರು ಹಾಕಿಬಿಡಿ, ಮಧ್ಯದ್ದು, ಯಾರಿಗೂ ನೋವಿಲ್ಲ, ಅಂದರು.
ಒಳ್ಳೆಯ ಮನುಷ್ಯ. ನನ್ನ ಹುಟ್ಟುಹಬ್ಬ ನೆನಪಿಡುತ್ತಾರೆ.
ಹಾಕಿದೆ.

ಏಪ್ರಿಲಿನಲ್ಲಿ ಕ್ಯಾಂಟೀನಿನ ಗೋಡೆಗೆ ಬಣ್ಣದ ಹಾಳೆ ಬಂತು:
ನೀವು ಹೇಳಿದಿರಿ, ನಾವು ಮಾಡಿದೆವು.
ನೂರಕ್ಕೆ ಎಪ್ಪತ್ತೊಂದು ಮಂದಿ ತೃಪ್ತರು.
ಕೆಳಗೆ ಮೇಜಿನ ಮೇಲೆ ಒಂದು ಬುಟ್ಟಿ ಬಾಳೆಹಣ್ಣು.
ಬಾಳೆಹಣ್ಣು ಕೇಳಿದವರು ಯಾರು?
ಎಲ್ಲವನ್ನೂ ಓದಿದವಳು ನಾನೊಬ್ಬಳೇ,
ಯಾರೂ ಕೇಳಿರಲಿಲ್ಲ.
ಮೊರೀನ್ ಒಂದನ್ನು ಸುಲಿದು, ಅರ್ಧ ಮುರಿದು
ನನ್ನ ಕಡೆ ಚಾಚಿದಳು.
ಗೇಟಿನ ಹತ್ತಿರ ಡೆರಿಲ್ ಅಂಗೈಗೆ ಉಸಿರು ಊದುತ್ತಿದ್ದ.

ನೂರಾ ಹನ್ನೆರಡರಲ್ಲಿ ನನ್ನದೂ ಒಂದು ಇತ್ತು,
ಹೇಳಿರಲಿಲ್ಲ ಅಲ್ಲವೇ.
ಇಪ್ಪತ್ತಕ್ಕೆ ಇಪ್ಪತ್ತೂ ಹೇಳಲಾರೆ,
ಮೇಲಿಂದ ಕೆಳಗೆ ನೆಟ್ಟಗೆ, ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ.
ನನ್ನ ಕೈಬರಹ ಇಲ್ಲಿ ಯಾರೂ ಕಂಡಿಲ್ಲ.
ಆ ಹುರುಪೆ ಮಾತ್ರ
ಅವತ್ತು ಸಂಜೆ ಬಸ್ಸಿನಲ್ಲಿ ಟಿಕೆಟ್ ತೆಗೆಯುವಾಗ
ಹೆಬ್ಬೆರಳಿಗೆ ಅಂಟಿಕೊಂಡಿತ್ತು.
ಒರೆಸಿದೆ.
ತೋರುಬೆರಳಿಗೆ ಬಂತು.