ಮೇಸ್ತ್ರಿಗೆ ಕೊಡದ ಬಿಯರು

ಮೆಟ್ಟಿಲಡಿಯ ಗೂಡಿನಲ್ಲಿ, ವ್ಯಾಕ್ಯೂಮ್ ಕ್ಲೀನರಿನ ಬೆನ್ನಿಗೆ
ಹನ್ನೊಂದು ವರ್ಷ ಕೂತಿತ್ತು ಪೆಟ್ಟಿಗೆ,
ಕಟ್ಟಿದ ನೀಲಿ ರಿಬ್ಬನ್ನು ಕಟ್ಟಿದ ಹಾಗೇ.

ಗ್ರಿಮ್ಸ್‌ಬಿಯ ಮೀನಿನ ಕಾರ್ಖಾನೆ ಮುಚ್ಚಿದ ಶುಕ್ರವಾರ
ನಮ್ಮ ಸಾಲಿನ ಮೇಸ್ತ್ರಿ ನಾರಿಸ್ ಟ್ಯಾಗ್‌ಗೆಂದು
ತಲೆಗೆರಡು ಪೌಂಡು ಹಾಕಿ ಕೊಂಡದ್ದು.
ಮನೆಯಲ್ಲೇ ಬಿಯರು ಮಾಡುವ ಸಾಮಾನು:
ನಲವತ್ತು ಪೈಂಟು, ತಿಳಿಹೊನ್ನಿನ ಬಣ್ಣ,
ಡಬ್ಬಿಯ ಮೇಲೊಬ್ಬ ಗಡ್ಡದವನ ನಗು.

ತಾರೀಖು ಮಸುಕಾದ ಒಂದೇ ಒಂದು ಪೊಟ್ಟಣ ಕಂಡರೂ
ಇಡೀ ಬೆಲ್ಟು ನಿಲ್ಲಿಸುತ್ತಿದ್ದವನು ನಾರಿಸ್.
ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು,
‘ಯಾರದಿದು?’

ಕೊನೆಯ ದಿನ ಅವನೇ ಇಲ್ಲ.
ಜ್ವರವಂತೆ. ಆಫೀಸಿನವರು ನೆಲ ನೋಡುತ್ತ ಹೇಳಿದರು.
ಬಾಗಿಲು ಬೀಳುವುದು ಆರು ತಿಂಗಳ ಮೊದಲೇ
ಅವನಿಗೆ ಗೊತ್ತಿತ್ತೆಂದು ನಮಗೆ ಗೊತ್ತಾದದ್ದು ಆಮೇಲೆ.
ಕೇಕು ನಾವೇ ತಿಂದೆವು.
ಪೆಟ್ಟಿಗೆ ಯಾರು ಹೊರಬೇಕು? ಬಸ್‌ಸ್ಟಾಪಿಗೆ
ಹತ್ತಿರದ ಮನೆ ನನ್ನದು.

ಈ ಫೆಬ್ರವರಿ, ಕೊಳಾಯಿ ಸೋರಿ, ಗೂಡು ಬರಿದು ಮಾಡುವಾಗ
ಮತ್ತೆ ಕೈಗೆ ಸಿಕ್ಕಿತು. ಅವಧಿ ಮುಗಿದು ಒಂಬತ್ತು ವರ್ಷ.
ಉಬ್ಬಿದ್ದರೆ ಎಸೆಯುತ್ತಿದ್ದೆ.
ಉಬ್ಬಿರಲಿಲ್ಲ.

ತಿಳಿಹೊನ್ನಲ್ಲ, ಕಾಕಂಬಿ! ಕಪ್ಪಗೆ, ಗಟ್ಟಿಯಾಗಿ,
ಚಮಚ ಬಿಟ್ಟರೆ ನಿಂತೇ ಇರುವಂಥದು.
ಯೀಸ್ಟಿನ ಪೊಟ್ಟಣ ಹರಿದು ಉಗುರುಬೆಚ್ಚನೆ ನೀರಿಗೆ ಸುರಿದೆ.
ಹತ್ತು ನಿಮಿಷ. ಅರ್ಧ ಗಂಟೆ. ಒಂದು ಗುಳ್ಳೆಯಿಲ್ಲ.
ಬೂದಿ ಕಲಸಿದ ಹಾಗೆ ತಳ ಹಿಡಿದು ಮಲಗಿತ್ತು.

ಪಕ್ಕದ ಬೀದಿಯ ಯದ್ವಿಗಾಗೆ ಫೋನು ಮಾಡಿದೆ.
ಚಪ್ಪಲಿಯಲ್ಲೇ ಬಂದಳು, ಕೈಯಲ್ಲಿ ಬ್ರೆಡ್ಡಿನ ಯೀಸ್ಟು.
‘ಅದನ್ನು ಹಾಕಬಾರದಂತೆ’ ಅಂದೆ.
‘ಅಂತೆ ಕೇಳಿ ಕೇಳಿ ಏನು ಉದ್ಧಾರವಾದೆವು?’
ಸತ್ತ ಯೀಸ್ಟನ್ನು ಚೆಲ್ಲಹೊರಟ ನನ್ನ ಕೈ ಹಿಡಿದಳು:
‘ಕುದಿಸಿ ಹಾಕು. ಬದುಕಿರುವುದಕ್ಕೆ ಊಟ.’

ರಾತ್ರಿ ಅಡುಗೆಮನೆಯಲ್ಲಿ ಗುಳುಕ್.
ಮತ್ತೆ ಗುಳುಕ್.
ನಿಮಿಷಕ್ಕೆ ಅರುವತ್ತು ಪೊಟ್ಟಣ ಓಡುವ ಬೆಲ್ಟಿನೆದುರು
ಹತ್ತೊಂಬತ್ತು ವರ್ಷ ನಿಂತವಳು ನಾನು;
ಎಣಿಸಬೇಡವೆಂದರೂ ಎಣಿಸುತ್ತದೆ ಕಿವಿ.
ಮೂವತ್ತು. ಬುಧವಾರ ಹನ್ನೆರಡು. ಭಾನುವಾರ ಒಂದು,
ಅದೂ ಬೇಕೋ ಬೇಡವೋ ಎಂಬಂತೆ.

ನಿಂಬೆ ಸೋಡಾದ ಬಾಟಲಿಗಳಿಗೆ ತುಂಬಿ ಆರು ವಾರ ಕಾದು
ಹನ್ನೊಂದು ಮಂದಿಯನ್ನೂ ಕರೆದೆ. ಬಂದವರು ಐದು.
ಪೆಟ್ಟಿಗೆಯ ತಳದಲ್ಲಿ ನಮ್ಮದೇ ಕಾರ್ಡು ಸಿಕ್ಕಿತ್ತು:
‘ಬೇಗ ಕುಡಿದು ಮುಗಿಸು, ನಾರಿಸ್’, ಪೆಗ್‌ಳ ಓರೆ ಅಕ್ಷರ,
ಕೆಳಗೆ ಅವಳ ಲಿಪ್‌ಸ್ಟಿಕ್ಕಿನ ಗುರುತು.
ಪೆಗ್ ಹೋಗಿ ನಾಲ್ಕು ಚಳಿಗಾಲ.
ಕಾರ್ಡು ಕೈಯಿಂದ ಕೈಗೆ ಹೋಯಿತು,
ಯಾರೂ ಗಟ್ಟಿಯಾಗಿ ಓದಲಿಲ್ಲ.

ಸೀದ ಸಕ್ಕರೆ, ನೆನೆದ ರಟ್ಟು,
ಕೊನೆಯಲ್ಲಿ ನಾಲಗೆಗೆ ಹಳೇ ನಾಣ್ಯ.
ಮಾರ್ಲೀನ್ ಮುಖ ಕಿವುಚಿ ಅಂದಳು,
‘ಥೇಟು ನಾರಿಸ್!’
ಮೇಜು ಗುದ್ದಿ ಗುದ್ದಿ ನಕ್ಕೆವು, ಮತ್ತೆ ಬಗ್ಗಿಸಿಕೊಂಡೆವು.
ಮೂರನೇ ಲೋಟಕ್ಕೆ ಅಷ್ಟೇನೂ ಕೆಟ್ಟದ್ದಲ್ಲ ಅನಿಸಿತು
ಅಥವಾ ನಾಲಗೆ ಸೋತಿತ್ತು.

ಉಳಿದ ಒಂದಕ್ಕೆ ಅದೇ ನೀಲಿ ರಿಬ್ಬನ್ನು ಸುತ್ತಿ
ಮಂಗಳವಾರ ಕ್ಲೀಥಾರ್ಪ್ಸಿನ ಬಸ್ಸು ಹತ್ತಿದೆ.
ಬಾಗಿಲು ತೆರೆದವನು ನಾಯಿಯನ್ನು ಕಾಲಲ್ಲಿ ತಡೆದು ನಿಂತ.
ಒಳಗೆ ಬಾ ಅನ್ನಲಿಲ್ಲ. ಹೋಗುವ ಮನಸ್ಸು ನನಗೂ ಇರಲಿಲ್ಲ.
‘ನಿನ್ನದು. ತಡವಾಯಿತು.’

ನಾರಿಸ್ ಕನ್ನಡಕ ಹಣೆಗೇರಿಸಿದ,
ಬಾಟಲಿಯನ್ನು ಮೂಗಿನ ಬಳಿ ಹಿಡಿದು
ತಿರುಗಿಸಿದ, ತಿರುಗಿಸಿದ,
ತಳವನ್ನೂ ನೋಡಿದ.

‘ತಾರೀಖಿಲ್ಲ’ ಅಂದೆ,
ಗೇಟಿನ ಕೊಂಡಿ ಹಾಕುತ್ತ.