ಹಲ್ಲು

ಸ್ಟೋನ್ ಹಿಲ್ ರಸ್ತೆಯಲ್ಲಿ, ನನ್ನ ಕ್ಲಿನಿಕ್ಕಿನೆದುರು
ಒಂದು ಕಿತ್ತಳೆ ಕೈಜಾರಿದರೆ
ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ಹೆಕ್ಕಬೇಕು.
ಅಂಥ ಇಳಿಜಾರಿನಲ್ಲಿ ಆರು ತಿಂಗಳು
ಕಾರನ್ನು ಬರೀ 'ಪಿ'ಗೆ ತಳ್ಳಿ
ಕೀಲಿ ಕಿತ್ತುಕೊಂಡು ಇಳಿದುಬಿಡುತ್ತಿದ್ದೆ.
ಆಟೊಮ್ಯಾಟಿಕ್ ತಾನೆ,
ಅದರ ಪಾಡಿಗೆ ಅದು ನಿಂತಿರುತ್ತೆ ಅಂತ.

ಸಂಜೆ ಗೇರು ಎಳೆದಾಗ ಮಾತ್ರ
ಹೊಟ್ಟೆಯೊಳಗಿಂದ 'ಟಕ್'.
ಆ ಸದ್ದು ನನಗೆ ಗೊತ್ತು:
ಹಟ ಹಿಡಿದ ದವಡೆಹಲ್ಲು
ಇಕ್ಕಳಕ್ಕೆ ಕೊನೆಗೂ ಸೋತಾಗ ಬರುವಂಥದ್ದು.

ಮೊಯ್ದು ಬಾನೆಟ್ ಎತ್ತಲೂ ಇಲ್ಲ.
"ಡಾಕ್ಟ್ರೆ, ಒಳಗಿರೋದು ಒಂದೇ ಒಂದು ಹಲ್ಲು."
ಗ್ರೀಸು ಮೆತ್ತಿದ ಕಿರುಬೆರಳು ಮಡಚಿ ತೋರಿಸಿದ.
"ಇಷ್ಟೇ. ಹನ್ನೊಂದು ಕ್ವಿಂಟಾಲ್ ಗಾಡಿ
ಇಡೀ ದಿನ ಇದಕ್ಕೆ ಜೋತುಬಿದ್ದಿರುತ್ತೆ.
ನೀವು ಒಳಗೆ ಊರವರ ಹಲ್ಲು ಉಳಿಸ್ತಾ ಇರ್ತೀರಿ."

ಆಮೇಲೆ ಪಕ್ಕದ ಸೀಟಿನಲ್ಲಿ ಕೂತು ಪಾಠ.
ಕಾಲು ಬ್ರೇಕಿನ ಮೇಲೇ ಇರಲಿ. ಗೇರು 'ಎನ್'ಗೆ.
ಈಗ ಹ್ಯಾಂಡ್‌ಬ್ರೇಕ್. ಇನ್ನೂ. ಹೆದರಬೇಡಿ, ಇನ್ನೂ.
ಕಾಲು ಮೆಲ್ಲಗೆ ಬಿಡಿ.
ಕಾರು ಎರಡು ಬೆರಳು ಹಿಂದಕ್ಕೆ ಜಗ್ಗಿ
ಸಂತೆಯಿಂದ ಬಂದವಳು ಜಗಲಿಗೆ ಒರಗುವ ಹಾಗೆ
ಭಾರ ಇಳಿಸಿ ಕೂತಿತು.
"ಈಗ 'ಪಿ'. ಹಲ್ಲಿಗೆ ಇನ್ನು ಹೊರೋ ಕೆಲಸ ಇಲ್ಲ, ಕಾವಲು ಅಷ್ಟೆ."
ಹೊರಡುವಾಗಲೂ ಕಾಲು ಬ್ರೇಕಿಗೆ,
ಮೊದಲು ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಆಮೇಲೆ.
ಬಿಡಿಸಿದೆ.
ಸದ್ದೇ ಇಲ್ಲ.

ದುಡ್ಡು ಬೇಡವೆಂದ.
ಹಾಗಾದರೆ ಒಳಗೆ ಬಂದು ಬಾಯಿ ತೆಗೀರಿ ಎಂದೆ.
ಎರಡೂ ಕಡೆಯ ದವಡೆಹಲ್ಲು
ಸವೆದ ಟೈರಿನಂತೆ ನುಣ್ಣಗೆ.
ನಿದ್ದೆಯಲ್ಲಿ ಹಲ್ಲು ಕಡೀತೀರಾ?
"ಹೆಂಡತಿ ಹೇಳ್ತಾಳೆ."
ಎಷ್ಟು ವರ್ಷದಿಂದ?
ಕುರ್ಚಿಯ ಮೇಲಿನ ದೀಪವನ್ನೇ ನೋಡುತ್ತ,
"ಮನೆ ಹಿಂದಿನ ಗುಡ್ಡ ಜಾರಿತಲ್ಲ, ಆ ಆಗಸ್ಟಿನಿಂದ.
ಕಣ್ಣು ಮುಚ್ಚಿದರೆ ಸಾಕು,
ಈ ಸಲ ನಾನೇ ಹಿಡ್ಕೊಂಡಿರಬೇಕು ಅನ್ಸುತ್ತೆ."

ಅದಕ್ಕೆ ನನ್ನ ಹತ್ತಿರ ಇರುವುದು
ರಾತ್ರಿ ಕಚ್ಚಿಕೊಳ್ಳುವ ಒಂದು ಪ್ಲಾಸ್ಟಿಕ್ ಗಾರ್ಡು.
ಅಚ್ಚು ತೆಗೆದೆ. ಮಂಗಳವಾರ ಬನ್ನಿ ಎಂದೆ.

ಬಾಗಿಲವರೆಗೆ ಹೋದೆ.
ಅವನ ಜೀಪಿನ ಹಿಂಚಕ್ರಕ್ಕೆ
ತೆಂಗಿನಕಾಯಿಯಷ್ಟು ದಪ್ಪದ ಒಂದು ಕಲ್ಲು ಅಡ್ಡ.
ನಿಮ್ಮದಕ್ಕೆ ಹ್ಯಾಂಡ್‌ಬ್ರೇಕ್ ಇಲ್ವಾ?
"ಇದೆ. ಚೆನ್ನಾಗೇ ಇದೆ," ಎಂದ,
ಬಗ್ಗಿ ಕಲ್ಲನ್ನೆತ್ತಿ, ಮಣ್ಣು ಒರೆಸಿ,
ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು
ಹೊರಟ.